ಅಂಕಿತನಾಮಕ್ಕೊಂದು ಉದಾಹರಣೆ

ಹೆದ್ದಾರಿಯ ಬದಿಯಲ್ಲಿ ಬಸ್ಸು ನಿಂತಾಗ ನಿಮ್ಮ ಕೈಗೆ ಚಹಾದ ಲೋಟ ಕೊಟ್ಟವನ ಹೆಸರನ್ನು ನೀವು ಎಂದಾದರೂ ಕೇಳಿದ್ದೀರಾ? ಸಕ್ಕರೆ ಯಾಕೆ ಕಡಿಮೆಯಾಯಿತೆಂದು ಕೇಳಿದ್ದೀರಿ, ಬಸ್ಸು ಇನ್ನೆಷ್ಟು ಹೊತ್ತು ನಿಲ್ಲುವುದೆಂದು ಕೇಳಿದ್ದೀರಿ. ಹೆಸರನ್ನು ಕೇಳಿಲ್ಲ. ಕಿರವತ್ತಿಯ ಶಾಲೆಯ ಮಕ್ಕಳೂ ಕೇಳಿರಲಿಲ್ಲ. ಆದರೆ ಅವರು ಮಕ್ಕಳು. ಕೇಳದಿರುವುದನ್ನು ಅವರಿಗೆ ಕಲಿಸಿದವರು ನಾವು.

ಹೆದ್ದಾರಿಗೆ ಮುಖ ಮಾಡಿದ ಆ ಶಾಲೆಯಲ್ಲಿ ಅಂದು ಕನ್ನಡ ಕಲಿಸುವ ಚೇತನಾ ಹಲಗೆಯ ಮೇಲೆ ಗೆರೆ ಎಳೆದು ಮೂರು ಪಟ್ಟಿ ಮಾಡಿ, ಒಂದೊಂದರ ತಲೆಯ ಮೇಲೆ ಒಂದೊಂದು ಪದ ಬರೆದಿದ್ದಳು: ರೂಢನಾಮ, ಅಂಕಿತನಾಮ, ಅನ್ವರ್ಥನಾಮ. ಪದಗಳನ್ನು ಬಾಯಿಪಾಠ ಮಾಡಿಸುವುದು ಅವಳಿಗೆ ಇಷ್ಟವಿರಲಿಲ್ಲ; ಒಂದೊಂದನ್ನೂ ಬಿಡಿಸಿ ಹೇಳುತ್ತಿದ್ದಳು. ರೂಢವೆಂದರೆ ಬೇರೂರಿ ಬೆಳೆದದ್ದು. ನದಿ, ಮನೆ, ಕೂಸು, ಇವು ಯಾರು ಇಟ್ಟದ್ದೆಂದು ತಿಳಿಯದೆ ನಾಲಗೆಯಲ್ಲಿ ಬೆಳೆದುಬಂದ ಹೆಸರುಗಳು. ಅಂಕವೆಂದರೆ ಗುರುತು, ಪ್ರೀತಿಯಿಂದ ಒಬ್ಬರಿಗೆಂದೇ ಹಾಕಿದ ಗುರುತು ಅಂಕಿತನಾಮ. ಅನ್ವರ್ಥವೆಂದರೆ ಅರ್ಥವನ್ನು ಹಿಂಬಾಲಿಸುವುದು. ರೂಪ, ಗುಣ, ಕಸುಬುಗಳನ್ನು ನೋಡಿ ಕರೆಯುವ ಹೆಸರು.

"ಈಗ ಅನ್ವರ್ಥನಾಮಕ್ಕೆ ನೀವೇ ಉದಾಹರಣೆ ಕೊಡಿ ನೋಡುವಾ. ಪುಸ್ತಕದ್ದು ಬೇಡ. ನಮ್ಮೂರಿಂದು."

"ಡ್ರೈವರ್!" ಎಂದಿತು ಒಂದು ದನಿ. "ಗೌಂಡಿ!" ಎಂದಿತು ಇನ್ನೊಂದು. ವಿನೋದನೆಂಬ ಹುಡುಗ ಬೆಂಚಿನಿಂದ ಅರ್ಧ ಎದ್ದು, ಕಿಟಕಿಯ ಕಡೆ ಕೈ ತೋರಿಸಿ, "ಕುಂಟ, ಅಕ್ಕೋರೆ!" ಎಂದು ಕೂಗಿದ. ಇಡೀ ತರಗತಿ ಗೊಳ್ಳೆಂದು ನಕ್ಕಿತು. ಹೆದ್ದಾರಿಯ ಆಚೆ, ಧಾಬಾದ ಅಂಗಳದಲ್ಲಿ, ಒಬ್ಬ ಗಡ್ಡದವನು ಊರುಗೋಲಿನ ಹಿಡಿಗೆ ಚಹಾದ ಕಿಟ್ಲಿಯನ್ನು ತೂಗುಹಾಕಿಕೊಂಡು ಲಾರಿಯೊಂದರ ಕಡೆಗೆ ಹೋಗುತ್ತಿದ್ದ. ಅವನ ಬಲಗಾಲು ತೊಡೆಯಿಂದ ಕೆಳಗೆ ಇರಲಿಲ್ಲ. ಲುಂಗಿಯ ಆ ಬದಿ ಖಾಲಿಯಾಗಿ ಬೀಸುತ್ತಿತ್ತು.

ಚೇತನಾ ನಗಲಿಲ್ಲ. ಆದರೆ ಗದರಿಸಲೂ ಇಲ್ಲ. ಹೇಗೆ ಗದರಿಸಿಯಾಳು? ಅವಳ ಮೇಜಿನ ಮೇಲಿದ್ದ ವ್ಯಾಕರಣದ ಪುಸ್ತಕದಲ್ಲಿ ಅನ್ವರ್ಥನಾಮದ ಎದುರಿಗೆ ವ್ಯಾಪಾರಿ, ಪಂಡಿತ, ರೋಗಿಗಳ ಜೊತೆಗೆ ಕುಂಟ, ಕುರುಡರೂ ಅಚ್ಚಾಗಿದ್ದರು. ಅವಳು ಕಲಿತ ಪುಸ್ತಕದಲ್ಲೂ ಇದ್ದರು, ಅವಳ ಅಪ್ಪ ಕಲಿತದ್ದರಲ್ಲೂ ಇದ್ದರು. ಮನುಷ್ಯನ ಕೊರತೆಯನ್ನು ಅವನ ಹೆಸರೆಂದು ಒಪ್ಪಿಸುವ ಮಗುವಿಗೆ ನಾವು ತಲೆಮಾರುಗಳಿಂದ ಅಂಕ ಕೊಡುತ್ತ ಬಂದಿದ್ದೇವೆ. ಚೇತನಾ ಸೀಮೆಸುಣ್ಣ ತೆಗೆದುಕೊಂಡು ಮೂರನೆಯ ಪಟ್ಟಿಯಲ್ಲಿ ಆ ಪದ ಬರೆದಳು. ಉತ್ತರ ಸರಿಯಿತ್ತು.

ಆಗ ಹಿಂದಿನ ಬೆಂಚಿನ ಅಭಿಜ್ಞಾ ಎದ್ದು ನಿಂತಳು. ಈ ಹುಡುಗಿ ವಾರಕ್ಕೊಮ್ಮೆ ಬಾಯಿ ತೆರೆಯುವವಳು.

"ಅಕ್ಕೋರೆ, ಅವಂಗೆ ಅಂಕಿತನಾಮ ಇಲ್ವಾ?"

"ಇರ್ತದೆ ಮಾರಾಯ್ತಿ. ಎಲ್ಲರಿಗೂ ಇರ್ತದೆ."

"ಎಂತ ಅದು?"

ಚೇತನಾ ಹಲಗೆಯ ನಡುವಿನ ಪಟ್ಟಿಯನ್ನು ನೋಡಿದಳು. ಈ ಊರಿನ ಶಾಲೆಗೆ ಬಂದಾಗಿನಿಂದ, ಯಲ್ಲಾಪುರದ ಬಸ್ಸಿಗೆ ಕಾಯುತ್ತ, ದಿನವೂ ಸಂಜೆ ಅವನ ಕೈಯ ಚಹಾ ಕುಡಿಯುತ್ತಿದ್ದಳು. "ಕೇಳಿಕೊಂಡು ಬಂದು ಹೇಳ್ತೇನೆ, ಕೂತ್ಕೋ" ಎಂದಳು.

ಸಂಜೆ ಅವಳು ಕೇಳಿದ್ದು ಧಾಬಾದ ಯಜಮಾನ ಬಸಪ್ಪನನ್ನು. ಬನವಾಸಿ ಕಡೆಯಿಂದ ಬಂದು ನೆಲೆಸಿದ ಅವನು ಬಾಯಿ ಜೋರಿನ, ಕೈ ಧಾರಾಳದ ಮನುಷ್ಯ. ಆಸ್ಪತ್ರೆಯಿಂದ ನೇರವಾಗಿ ಬಂದು ಬಾಗಿಲಲ್ಲಿ ನಿಂತ ಒಂಟಿಕಾಲಿನವನಿಗೆ ಅನ್ನ ಹಾಕಿ, ಮಲಗಲು ಜಾಗ ಕೊಟ್ಟವನು ಅವನೇ.

"ಕುಂಟನ ಹೆಸರಾ ಟೀಚರ?" ಬಸಪ್ಪ ಬಜ್ಜಿ ಎತ್ತುವ ಝಾರಿಯಿಂದ ತಲೆ ಕೆರೆದುಕೊಳ್ಳಲು ಹೋಗಿ ತಡೆದುಕೊಂಡ. "ಬಂದ ದಿನ ಏನೋ ಹೇಳಿದ್ದನ್ರಿ. ನೆನಪ ಹಾರೇತಿ. ಏ ಕುಂಟಾ! ಬಾರೋ ಇಲ್ಲಿ. ನಿನಗ ಹೆಸರ ಐತೇನೋ?"

ಕಟ್ಟೆಯ ಮೇಲೆ ಕೂತ ಡ್ರೈವರನೊಬ್ಬ, "ಐತಲ್ಲ, ಸಿಂಗಲ್ ಸ್ಟ್ಯಾಂಡ್!" ಎಂದ. ಮತ್ತೊಬ್ಬನ ಬಾಯಿಂದ ಚಹಾ ಹೊರಚೆಲ್ಲಿತು. ಗಡ್ಡದವನೂ ನಕ್ಕ. ಅವನು ಎಲ್ಲರಿಗಿಂತ ಮೊದಲು ನಗುವುದನ್ನು ಚೇತನಾ ಮುಂಚೆಯೂ ಗಮನಿಸಿದ್ದಳು. ಆ ನಗು ಅಭ್ಯಾಸದಿಂದ ತಾನಾಗಿಯೇ ಜಾರಿ ಬರುವಂತಿತ್ತು.

"ಇಷ್ಟ ದಿನ ಕರದೀರಲ್ರಿ, ಅದ ಹೆಸರು" ಎಂದು ಬಸಪ್ಪನ ಮಾತಿನ ಧಾಟಿಯಲ್ಲೇ ಹೇಳಿ, ಅವಳ ಲೋಟ ತುಂಬಿಸಿ, ಟಯರಿನ ತುಂಡು ಬಡಿದ ಊರುಗೋಲನ್ನು ಟಕ್ ಟಕ್ ಎನಿಸುತ್ತ ಒಳಗೆ ಹೋದ. ಬಸ್ಸು ಬಂತು. ಒಬ್ಬನು ಮುಚ್ಚಿಟ್ಟುಕೊಂಡದ್ದನ್ನು ಜನರ ಎದುರಿಗೆ ತೆರೆಸಬಾರದೆಂದು ಚೇತನಾ ತನಗೆ ತಾನೇ ಹೇಳಿಕೊಂಡಳು. ಅದು ಸೌಜನ್ಯವೆಂದೇ ಅವಳು ನಂಬಿದ್ದಳು. ನಮ್ಮ ಸೌಜನ್ಯಗಳಲ್ಲಿ ಎಷ್ಟು ಭಾಗ ಸೋಮಾರಿತನವೆಂದು ಅಳೆದು ನೋಡುವವರು ಯಾರೂ ಇಲ್ಲ.

ಮುಂದಿನ ವಾರ, ಮಕ್ಕಳು ಬಿಸಿಯೂಟದ ತಟ್ಟೆ ತೊಳೆಯುವ ಹೊತ್ತಿಗೆ, ಶಾಲೆಯ ಗೇಟಿನಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಐವತ್ತರ ಆಸುಪಾಸಿನವಳು. ಹೊಸ ಸೀರೆ ಉಟ್ಟಿದ್ದಳು, ಬಸ್ಸಿನ ಧೂಳಿನಲ್ಲಿ ಅದು ಬಣ್ಣಗೆಟ್ಟಿತ್ತು. ಬಿಳಗಿಯಿಂದ ಬಂದವಳೆಂದೂ, ಹೆಸರು ಹೊನ್ನಿಯೆಂದೂ, ಸಿದ್ದಾಪುರ, ಶಿರಸಿ, ಯಲ್ಲಾಪುರಗಳಲ್ಲಿ ಬಸ್ಸು ಬದಲಿಸಿ ಬರುವಷ್ಟರಲ್ಲಿ ಹೊತ್ತು ಏರಿತೆಂದೂ ಹೇಳಿದಳು. ಚೇತನಾಳ ತವರು ಸಿದ್ದಾಪುರದ ಹತ್ತಿರವೇ. ಆ ಮಾತು ಕೇಳಿದೊಡನೆ ಅವಳು ನೀರು ತಂದು ಕೊಟ್ಟು, ಜಗಲಿಯ ಮೇಲೆ ಕೂರಿಸಿದಳು.

"ನನ್ನ ತಮ್ಮನ್ನ ಹುಡ್ಕಂಡು ಬಂದೆ ಅಕ್ಕೋರೆ. ಸುಭಾಷ ಅಂತ. ನನ್ನ ಮಗಳು ರಕ್ಷಿತಾ ತೊಟ್ಟಿಲಲ್ಲಿದ್ದಾಗ ಲಾರಿ ಹತ್ತಿ ಹೋದವ. ಸ್ವಂತ ಲಾರಿ ತಗಂಡು, ಅಂಗಳದ ತಂಕ ಹಾರ್ನ್ ಹೊಡೀತೆ ಬರ್ತೆ ಅಂದಿದ್ದ. ಸುರೂನಾಗೆ ಫೋನು ಬರ್ತಿತ್ತು. ಆಮೇಲೆ ಅದೂ ಇಲ್ಲೆ. ಕಡೀಗೆ ಕಿರವತ್ತಿ ಬದೀಗೆ ಕಂಡಿದ್ರು ಅಂತ ಶಿರಸೀಲಿ ಯಾರೋ ಅಂದ್ರು. ಅದೂ ಹಳೇ ಮಾತು."

"ಈಗ ಇದ್ದಕ್ಕಿದ್ದಂತೆ…" ಎಂದು ಚೇತನಾ ಅರ್ಧಕ್ಕೆ ನಿಲ್ಲಿಸಿದಳು.

"ರಕ್ಷಿತಾಂಗೆ ಗಂಡುಕೂಸು ಆಗ್ಯದೆ" ಎಂದಳು ಹೊನ್ನಿ. ಅವಳ ಮುಖ ಕ್ಷಣಕಾಲ ಬೆಳಗಿ, ಮತ್ತೆ ಮುಚ್ಚಿಕೊಂಡಿತು. "ಬರೂ ಸೋಮವಾರ ಹೆಸರಿಡೂದು. ನಮ್ಮ ಮನೇಲಿ ಮೊದಲಿಂದ ಒಂದು ರೂಢಿ. ಸತ್ತು ಹೋದವರ ಹೆಸರನ್ನ ಹುಟ್ಟಿದ ಕೂಸಿಗೆ ಇಡ್ತೋ. ಬದುಕಿದ್ದವರ ಹೆಸರು ಮಾತ್ರ ಜಪ್ಪಯ್ಯ ಅಂದ್ರೂ ಇಡೂಲ್ಲ. ಇಟ್ರೆ ಅವರ ಆಯುಷ್ಯ ಕೂಸಿಗೆ ಹೋಗ್ತದೆ. ಸುಭಾಷನ ಹೆಸರಿಡುವಾ ಅಂತ ನಮ್ಮನೆಯವ್ರು. ಇಷ್ಟು ವರ್ಷ ಬರದವ ಇನ್ನೆಲ್ಲಿಂದ ಬರ್ತ ಅಂತ. ರಕ್ಷಿತಾನೂ ಹಂಗೇ ಅಂತದೆ. ಮಾವ ಮನೇಗೆ ಬಂದಂಗೆ ಆಗ್ತದೆ ಅಂತದೆ. ಕಿವೀಲಿ ಹೆಸರು ಹೇಳೂದು ಅಜ್ಜಿಯಾದ ನಾನು. ನನ್ನ ಬಾಯಿಂದ ಹೇಳ್ದೆ ಅಂದ್ರೆ ಅವ ಸತ್ತ ಅಂತ ನಾನೇ ಅಂದಂಗೆ ಅಲ್ವಾ? ಅದ್ಕೆ, ಇದೊಂದು ಸಲ ಹುಡ್ಕಿ ಬರ್ತೆ ಅಂದೆ. ಸಿಕ್ರೆ ಕೂಸಿಗೆ ಬೇರೆ ಹೆಸರು. ಸಿಗದಿದ್ರೆ…"

ಸೆರಗಿನ ಗಂಟಿನಿಂದ ಅವಳು ಒಂದು ಫೋಟೊ ತೆಗೆದಳು. ಯಾವುದೋ ವಾಲಿಬಾಲ್ ಪಂದ್ಯದ್ದು. ನೆಟ್ಟಿನ ಮೇಲೆ ಸೊಂಟದವರೆಗೂ ಎದ್ದ ಒಬ್ಬ ಹುಡುಗ. ಬಲಗೈ ಬೆನ್ನ ಹಿಂದೆ ಬಾಗಿ, ಇನ್ನೇನು ಚೆಂಡಿಗೆ ಬೀಳುವುದರಲ್ಲಿದೆ. ಎರಡೂ ಪಾದಗಳ ಕೆಳಗೆ ಬರಿಯ ಗಾಳಿ. ಮುಖ ಸ್ಪಷ್ಟವಿರಲಿಲ್ಲ.

"ಓಡಿದ್ರೆ ಯಾರ ಕೈಗೂ ಸಿಗ್ತಿರ್ಲೆ ಅಕ್ಕೋರೆ. ಗದ್ದೆಯ ಸಪೂರ ಹಾಳಿ ಮೇಲೂ ಓಡ್ತಿದ್ದ. ಈಗಲೂ ಎತ್ತರ ಇರ್ತ."

ಚೇತನಾ ಆ ಪಾದಗಳನ್ನು ನೋಡಿದಳು, ಕೈಯನ್ನು ನೋಡಿದಳು. ಅಡುಗೆಯವಳನ್ನು ಕೇಳಿದಳು, ಹೆಡ್ ಮಾಸ್ತರರನ್ನು ಕೇಳಿದಳು. ಸುಭಾಷನೆಂಬ ಹೆಸರು ಯಾರಿಗೂ ಗೊತ್ತಿರಲಿಲ್ಲ.

"ಎದುರಿನ ಧಾಬಾದಲ್ಲಿ ಕೇಳಿದ್ರಾ ಅಕ್ಕಾ?"

"ಬಸ್ ಇಳ್ದವಳೇ ಮೊದ್ಲು ಅಲ್ಲೇ ಕೇಳ್ದೆ. ಯಜಮಾನ್ರು ಪಾಪ ಒಳ್ಳೇರು. ಅಂಥವ ಯಾರೂ ಇಲ್ಲ ಅಂದ್ರು."

"ಹಾಗಾದ್ರೆ ಈ ಊರಲ್ಲಿ ಆ ಹೆಸರಿನವರು ಯಾರೂ ಇಲ್ಲ ಅಕ್ಕಾ" ಎಂದಳು ಚೇತನಾ. ಅವಳು ಸುಳ್ಳು ಹೇಳುವವಳಲ್ಲ. ಆ ದಿನವೂ ಹೇಳಲಿಲ್ಲ. ಬಸಪ್ಪನೂ ಹೇಳಿರಲಿಲ್ಲ. ಇಡೀ ಊರು ಸತ್ಯವನ್ನೇ ನುಡಿದು ಒಬ್ಬ ಅಕ್ಕನನ್ನು ಬರಿಗೈಯಲ್ಲಿ ಕಳುಹಿಸಿತು.

ಬಸ್ಸು ಹತ್ತಿಸಲು ಚೇತನಾ ಧಾಬಾದ ತನಕ ಅವಳ ಜೊತೆಗೆ ಹೋದಳು. ಫೋನು ನಂಬರು ಕೊಟ್ಟು, ತೆಗೆದುಕೊಂಡಳು. ನೀರಿನ ಪೀಪಾಯಿಗಳ ಹತ್ತಿರ ಗಡ್ಡದವನು ರಸ್ತೆಗೆ ಬೆನ್ನು ಮಾಡಿ ನಿಂತು ಲೋಟ ತೊಳೆಯುತ್ತಿದ್ದ. ತೊಳೆದ ಲೋಟವನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದ. ಹೊನ್ನಿಯ ಕಣ್ಣು ಒಂದು ಗಳಿಗೆ ಆ ಊರುಗೋಲಿನ ಮೇಲೆ, ಖಾಲಿ ಲುಂಗಿಯ ಮೇಲೆ ಹೋಯಿತು. ಅಂಗವಿಕಲನನ್ನು ದಿಟ್ಟಿಸಿ ನೋಡಬಾರದೆಂದು ಹಿರಿಯರು ಕಲಿಸಿದಂತೆ, ಅವಳು ಕೂಡಲೇ ಕಣ್ಣು ತೆಗೆದು ಬಸ್ಸಿನ ಬೋರ್ಡು ನೋಡಿದಳು.

ಸೋಮವಾರ ಮಧ್ಯಾಹ್ನ ಆಟದ ಅವಧಿಯಲ್ಲಿ ವಿನೋದ ಹೊಡೆದ ವಾಲಿಬಾಲ್ ಕಂಪೌಂಡು ದಾಟಿ, ಹೆದ್ದಾರಿಯ ಮೇಲೆ ಪುಟಿದು, ಧಾಬಾದ ಅಂಗಳಕ್ಕೆ ಉರುಳಿತು. ರಸ್ತೆ ದಾಟಲು ಹೊರಟ ಹುಡುಗರನ್ನು ಚೇತನಾ ಕೂಗಿ ನಿಲ್ಲಿಸಿದಳು. ಆಚೆ ಬದಿಯಲ್ಲಿ ಗಡ್ಡದವನು ಬಗ್ಗಿ ಚೆಂಡನ್ನು ಎತ್ತಿಕೊಂಡ. "ಎಸೀ ಕುಂಟಾ!" ಎಂದು ಹುಡುಗರು ಕೂಗಿದರು.

ಅವನು ಎಸೆಯಲಿಲ್ಲ. ಊರುಗೋಲನ್ನು ಎಡಗಂಕುಳಲ್ಲಿ ಬಿಗಿಹಿಡಿದು, ಎಡಗೈಯಿಂದ ಚೆಂಡನ್ನು ಮೇಲಕ್ಕೆ ತೂರಿದ. ಬಲಗೈ ಬೆನ್ನ ಹಿಂದಕ್ಕೆ ಬಿಲ್ಲಿನಂತೆ ಬಾಗಿತು. ಅವನ ದೇಹವೆಲ್ಲ ನೆಲ ಬಿಟ್ಟು ಏಳಲು ಹೊರಟು, ಏನೋ ನೆನಪಾದಂತೆ ತಡೆಯಿತು. ಕೈ ಮಾತ್ರ ತಡೆಯಲಿಲ್ಲ. ಚೆಂಡು ಹೆದ್ದಾರಿಯ ಮೇಲೆ, ಎರಡು ಲಾರಿಗಳ ಮೇಲೆ ಹಾರಿ ಬಂದು, ಆಟದ ಬಯಲಿನ ನಟ್ಟನಡುವೆ ಬಿತ್ತು. ಹುಡುಗರು ಹೋ ಎಂದು ಕೂಗಿದರು. ಫೋಟೊದಲ್ಲಿ ನೆಟ್ಟಿನ ಮೇಲೆ ಎದ್ದ ಆ ಹುಡುಗನ ಕೈ ಚೇತನಾಳ ಕಣ್ಣ ಮುಂದೆ ನಿಂತಿತ್ತು.

ಅವಳು ರಸ್ತೆ ದಾಟಿದಳು. ಬಸಪ್ಪ ಸಾಮಾನು ತರಲು ಯಲ್ಲಾಪುರಕ್ಕೆ ಹೋಗಿದ್ದ. ಅಂಗಳದಲ್ಲಿ ಗಿರಾಕಿಗಳಿರಲಿಲ್ಲ. ಗಡ್ಡದವನು ಬೆನ್ನು ತಿರುಗಿಸಿ ಒಳಗೆ ನಡೆಯುತ್ತಿದ್ದ.

"ಸುಭಾಷ" ಎಂದಳು ಅವಳು.

ಊರುಗೋಲಿನ ಸದ್ದು ನಿಂತಿತು. ಅವನು ತಿರುಗಲಿಲ್ಲ. ಅಲ್ಲಿಯವರೆಗೂ ಧಾಬಾದ ಮಾತನ್ನೇ ಆಡುತ್ತಿದ್ದವನು, ಚೇತನಾಳ ತವರಿನ ಮಾತಿನಲ್ಲಿ ಹೇಳಿದ:

"ಆ ಹೆಸರಲ್ಲಿ ಕರೀಬೇಡಿ ಅಕ್ಕೋರೆ. ಕೇಳಿದ್ರೆ ಕಾಲು ನೋಯ್ತದೆ. ಇಲ್ಲದ ಕಾಲು."

"ಅಕ್ಕ ಬಂದಿದ್ರು. ನಿಮಗೆ ಗೊತ್ತಿತ್ತು."

"ದನಿ ಕೇಳ್ದೆ. ಒಳಗಿದ್ದೆ, ಪಾತ್ರೆ ಹತ್ರ. ಸುಭಾಷ ಇದ್ನಾ ಅಂತ ಕೇಳ್ತು. ಇಲ್ಲ ಅಂದ್ರು ಸಾವ್ಕಾರ್ರು. ಸರಿ ಅಲ್ದಾ? ಅಕ್ಕ ಹುಡ್ಕಿದ್ದು ನನ್ನನ್ನಲ್ಲ. ಓಡ್ತಿದ್ದನಲ್ಲ, ಅವನ್ನ."

"ಕಾಲು ಹೋದರೆ ತಮ್ಮ ಅಲ್ಲದೆ ಹೋಗ್ತಾನಾ?" ಚೇತನಾಳ ದನಿ ತರಗತಿಯ ದನಿಯಾಯಿತು.

"ನೀವು ಹಂಗೆ ಹೇಳ್ತ್ರಿ." ಅವನು ಕಟ್ಟೆಯ ಮೇಲೆ ಕೂತು, ಊರುಗೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡ. "ಅರಬೈಲ್ ಘಟ್ಟದಾಗೆ ಲಾರಿ ಮಗುಚ್ತು. ಆಸ್ಪತ್ರೇಲಿ ಕಣ್ಣು ಬಿಟ್ಟಾಗ ಒಂದು ಕಾಲು ಇಲ್ಲೆ. ಮೊದ್ಲು ಒಂದು ತಿಂಗಳು ಹೋಗ್ಲಿ, ಆಮೇಲೆ ಫೋನ್ ಮಾಡ್ತೆ ಅಂದ್ಕಂಡೆ. ಇಲ್ಲಿ ಬಂದ ದಿನ ಹೆಸರು ಹೇಳ್ದೆ. ಮಾರನೇ ದಿನವೇ ಎಲ್ಲಾರೂ ಕುಂಟಾ ಅಂದ್ರು. ಸಿಟ್ಟು ಬಂತು. ಆಮೇಲೆ ಸಿಟ್ಟು ಬರೂದು ನಿಂತ್ತು. ಯಾವಾಗ ನಿಂತ್ತು ಅಂತ ಗೊತ್ತಿಲ್ಲೆ. ಕುಂಟಾ ಅಂದ್ರೆ ನಾ ಓ ಅಂತೆ, ನಿದ್ದೇಲೂ ಅಂತೆ. ಅಕ್ಕನ ಕಣ್ಣಾಗೆ ನಾ ಇನ್ನೂ ಓಡ್ತಾ ಇದ್ದೆ, ಅಕ್ಕೋರೆ. ಅದನ್ನ ಎಂತಕ್ಕೆ ನಿಲ್ಸೂದು?"

ಹೆಸರಿಡುವ ಸಂಗತಿಯನ್ನು ಚೇತನಾ ಅವನಿಗೆ ಹೇಳಿದಳು. ಅದು ಅವನಿಗೆ ಗೊತ್ತಿರಲಿಲ್ಲ. ಅಕ್ಕ ಅದನ್ನು ಹೇಳಿದ್ದು ಶಾಲೆಯ ಜಗಲಿಯಲ್ಲಿ. ಕೇಳುತ್ತ ಕೇಳುತ್ತ ಅವನ ಕೈ ಗಡ್ಡದಲ್ಲಿ ನಿಂತುಬಿಟ್ಟಿತು.

"ಇವತ್ತು ಯಾವ ವಾರ?" ಎಂದು ಕೇಳಿದ.

ಅವಳು ಫೋನು ಹಚ್ಚಿದಳು. ಅವನಿಗೂ ಕೇಳಿಸಲೆಂದು ಧ್ವನಿ ಜೋರು ಮಾಡಿದಳು. ಆಚೆಯಿಂದ ಪಾತ್ರೆಗಳ ಸದ್ದು, ಹೆಂಗಸರ ನಗು, ಕೂಸಿನ ಅಳು ಒಟ್ಟೊಟ್ಟಿಗೆ ಬಂದವು.

"ಯಾರು? ಕಿರವತ್ತಿ ಅಕ್ಕೋರಾ!" ಹೊನ್ನಿಯ ದನಿ ದಣಿದಿತ್ತು. "ಆತು ಅಕ್ಕೋರೆ. ಈಗ ಉಂಡು ಎದ್ರು ಎಲ್ಲಾರೂ. ನನಗೆ ಮನಸ್ಸೇ ಬರ್ಲಿಲ್ಲೆ. ಆದ್ರೆ ನೀವು ಅಷ್ಟು ಕಲ್ತವ್ರು, ವಿಚಾರ್ಸಿ ನೋಡಿ ಇಲ್ಲ ಅಂದ್ರಲ್ಲ. ಆ ಮಾತಿನ ಮೇಲೆ ಧೈರ್ಯ ಮಾಡ್ದೆ. ನಾನೇ ಕಿವೀಲಿ ಹೇಳ್ದೆ."

ಚೇತನಾ ನಿಜ ಹೇಳಲು ಹೊರಟಳು. ಕಟ್ಟೆಯ ಮೇಲಿದ್ದವನು ಬೇಡವೆಂದು ಕೈಯಾಡಿಸಿದ. ಆಚೆ ಕೂಸು ಜೋರಾಗಿ ಅತ್ತಿತು. ಹೊನ್ನಿ ಫೋನನ್ನು ಹಿಡಿದುಕೊಂಡೇ ಅದರ ಕಡೆ ತಿರುಗಿದಳೆಂದು ಕಾಣುತ್ತದೆ: "ಓ ಓ, ಸುಭಾಷಾ… ಅಳೂದಲ್ಲ ಮಗಾ… ಸುಭಾಷಾ…"

ಗಡ್ಡದವನು ಕಣ್ಣು ಮುಚ್ಚಿ ಕೇಳಿದ. ಕೂಸಿನ ಅಳು ನಿಂತಿತು. ಅವನು ಕೈ ಚಾಚಿ, ಚೇತನಾಳ ಕೈಯಲ್ಲಿದ್ದ ಫೋನನ್ನು ತಾನೇ ಬಂದ್ ಮಾಡಿದ.

"ಚಲೋ ಕರೀತದೆ" ಎಂದ. "ನನ್ನನ್ನೂ ಹಿಂಗೇ ಕರೀತಿತ್ತು."

"ನಾನು ಈಗಲೇ ಹೇಳ್ತೇನೆ. ಇದು ತಪ್ಪು."

"ಎಂತ ಹೇಳ್ತ್ರಿ? ಬದುಕಿದ್ದವನ ಹೆಸರನ್ನ ನಿನ್ನ ಬಾಯಾರೆ ಕೂಸಿಗೆ ಕೊಟ್ಟೆ, ತಮ್ಮನ ಆಯುಷ್ಯ ನೀನೇ ಕಡ್ದೆ ಅಂತ್ಲಾ? ನೀವು ನಂಬೂಲ್ಲ, ನಾನೂ ನಂಬೂಲ್ಲ. ಅಕ್ಕ ನಂಬ್ತದೆ. ಇವತ್ತೊಂದು ದಿನ ಆದ್ರೂ ಉಂಡ್ಕಂಡು ಮಲೀಕಳ್ಳಿ." ಅವನು ಊರುಗೋಲನ್ನು ಊರಿ ಎದ್ದ. "ಹೆಸರು ಮನೆ ಸೇರ್ತಲ್ಲ. ನಾ ಸೇರದಿದ್ರೆ ಅಡ್ಡಿಲ್ಲೆ."

ನಾಳೆ ಇವನನ್ನು ಒಪ್ಪಿಸುತ್ತೇನೆ, ಒಪ್ಪದಿದ್ದರೂ ಹೇಳುತ್ತೇನೆ ಎಂದುಕೊಂಡು ಚೇತನಾ ಶಾಲೆಗೆ ಮರಳಿದಳು. ನಾಳೆ ಎಂಬ ಮಾತನ್ನು ನಾವೆಲ್ಲ ಎಷ್ಟು ನೆಮ್ಮದಿಯಿಂದ ಬಳಸುತ್ತೇವೆ!

ಮಾರನೆಯ ದಿನ ಅವಳು ಬಸ್ಸು ಇಳಿದಾಗ ಬಸಪ್ಪ ತಾನೇ ಲೋಟಗಳನ್ನು ಹೊತ್ತು ಓಡಾಡುತ್ತಿದ್ದ. "ಹೋಗ್ಯಾನ್ರಿ ಟೀಚರ. ಬೆಳಿಗ್ಗೆ ಹುಬ್ಬಳ್ಳಿ ಕಡೆ ಲಾರಿ ಹತ್ಯಾನಂತ. ಒಂದ ಮಾತ ಹೇಳ್ಲಿಲ್ಲ. ತಮ್ಮನಂಗ ಇಟ್ಕೊಂಡಿದ್ನಲ್ರಿ ನಾ? ಬ್ಯಾರೆ ಧಾಬಾದವ್ರಿಗೆ ಫೋನ್ ಹಚ್ಚಿ ಕೇಳೂಣಂದ್ರ, ಏನಂತ ಕೇಳ್ಲಿ? ಈ ರಸ್ತೇದಾಗ ಕುಂಟರಿಗೇನ ಬರ ಐತ್ರಿ?"

"ಅವರ ಹೆಸರು ಸುಭಾಷ."

ಬಸಪ್ಪ ಲೋಟಗಳ ತಟ್ಟೆಯನ್ನು ಹಿಡಿದುಕೊಂಡೇ ನಿಂತ. "ಸುಭಾಷ… ಅಯ್ಯೋ ಶಿವನೇ. ಆ ಹೆಣ್ಮಗಳು…" ಅವನ ದೊಡ್ಡ ಮುಖ ಸಣ್ಣದಾಯಿತು. "ನಾ ಸುಳ್ಳ ಹೇಳ್ಲಿಲ್ರಿ ಟೀಚರ. ಖರೇನ ಹೇಳ್ತೇನಿ, ನಾ ಸುಳ್ಳ ಹೇಳ್ಲಿಲ್ಲ."

ಅವನು ಅದನ್ನು ಎರಡು ಸಲ ಹೇಳಿದ. ಒಂದು ಸಲವಾದರೂ ಚೇತನಾ ಅವನಿಗೆ ಸಮಾಧಾನ ಹೇಳಬೇಕಿತ್ತು. ಅವಳು ರಸ್ತೆ ದಾಟಿ ಶಾಲೆಗೆ ಹೋದಳು. ತರಗತಿಯಲ್ಲಿ ಅಭಿಜ್ಞಾ ಕೈಯೆತ್ತಿ, "ಅಕ್ಕೋರೆ, ಹೆಸರು ಕೇಳಿದ್ರಾ?" ಎಂದಳು. ಚೇತನಾ ಹಲಗೆಯ ಮೇಲೆ ಮತ್ತೆ ಆ ಮೂರು ಪಟ್ಟಿ ಎಳೆದು, ನಡುವಿನದರಲ್ಲಿ ಸುಭಾಷ ಎಂದು ಬರೆದಳು. ಮಕ್ಕಳು ತಮ್ಮ ಪುಸ್ತಕಗಳಲ್ಲಿ ಅದನ್ನು ಬರೆದುಕೊಂಡರು. ವಿನೋದ ಕಿಟಕಿಯಿಂದ ಹೊರಗೆ ನೋಡಿದ. ಯಾರೂ ನಗಲಿಲ್ಲ.

ರಜೆಯ ದಿನ ಅವಳು ಬಿಳಗಿಗೆ ಹೋದಳು. ಫೋನಿನಲ್ಲಿ ಹೇಳುವ ಮಾತು ಅದಾಗಿರಲಿಲ್ಲ. ಹೊನ್ನಿ ಅಂಗಳದಲ್ಲಿ ಚಾಪೆ ಹಾಸಿ, ಮೊಮ್ಮಗನಿಗೆ ಎಳೆಬಿಸಿಲು ತಾಗುವಂತೆ ಮಲಗಿಸಿ, ಎಣ್ಣೆ ತಿಕ್ಕುತ್ತಿದ್ದಳು. ಚೇತನಾಳನ್ನು ಕಂಡು ಅವಳಿಗೆ ಸಂಭ್ರಮವಾಯಿತು. ಬೆಲ್ಲ, ನೀರು ತರಿಸಿದಳು. "ನೋಡಿ ಅಕ್ಕೋರೆ, ಕಾಲು ಹೆಂಗೆ ಒದೀತ! ನನ್ನ ತಮ್ಮನ ಕಾಲೇ."

ಚೇತನಾ ಎಲ್ಲವನ್ನೂ ಹೇಳಿದಳು. ಆಸ್ಪತ್ರೆ, ಧಾಬಾ, ಚೆಂಡು, ಫೋನು. ಹೇಳಿ ಮುಗಿಸುವವರೆಗೂ ಹೊನ್ನಿಯ ಕೈ ಕೂಸಿನ ಪುಟ್ಟ ತೊಡೆಯ ಮೇಲೆ ಹಾಗೇ ಇತ್ತು.

"ಪೀಪಾಯಿ ಹತ್ರ ಒಬ್ಬ ನಿಂತಿದ್ದ" ಎಂದಳು ಕೊನೆಗೆ. "ಬೆನ್ನು ಮಾಡಿ."

"ಹೌದು ಅಕ್ಕಾ."

"ನಾ ನೋಡ್ದೆ. ಪಾಪ ಅಂತ ಕಣ್ಣು ತಗಂಡೆ." ಅವಳು ತನ್ನ ಎಣ್ಣೆಗೈಯನ್ನು ನೋಡಿಕೊಂಡಳು. "ಕಣ್ಣು ತಗೀದಿದ್ರೆ ಬೆನ್ನು ಗುರುತು ಸಿಗ್ತಿತ್ತು. ಆ ಬೆನ್ನಿಗೆ ನಾ ಎಷ್ಟು ಎಣ್ಣೆ ತಿಕ್ಕಿದ್ದೆ."

ಒಳಗಿಂದ ಬಂದ ಅವಳ ಗಂಡ ಮಂಜ ಮಾತು ಕೇಳಿಸಿಕೊಂಡು ಕಂಬಕ್ಕೆ ಒರಗಿ ನಿಂತ. ಹುಬ್ಬಳ್ಳಿಯ ಕಡೆಗೆ ಹೋಗಿ ಹುಡುಕುತ್ತೇನೆಂದ. ಎಲ್ಲಿ ಎಂದು ಹೊನ್ನಿ ಕೇಳಲಿಲ್ಲ. ಅವಳು ಚೇತನಾಳ ಕಡೆಗೆ ತಿರುಗಿ, ಅಂಗನವಾಡಿಯ ಮಗು ಕೇಳುವಂತೆ ಕೇಳಿದಳು:

"ಇಟ್ಟ ಹೆಸರನ್ನ ಹಿಂದಕ್ಕೆ ತಗಳ್ಳಕ್ಕೆ ಬರ್ತದಾ ಅಕ್ಕೋರೆ? ನೀವು ಅದನ್ನೇ ಕಲಿಸೂದಲ್ವಾ?"

ಚೇತನಾ ಕಲಿಸುತ್ತಿದ್ದ ಯಾವ ಪುಸ್ತಕದಲ್ಲೂ ಅದಿರಲಿಲ್ಲ. ಹೆಸರುಗಳು ಎಲ್ಲಿಂದ ಬರುತ್ತವೆಂಬುದನ್ನು ಅವಳು ಮಕ್ಕಳಿಗೆ ಹೇಳಬಲ್ಲಳು. ಹೋದ ಹೆಸರನ್ನು ಮನುಷ್ಯನಿಗೆ ಮರಳಿಸುವುದು ಹೇಗೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಚಾಪೆಯ ಮೇಲಿನ ಕೂಸು ಎರಡೂ ಕಾಲುಗಳನ್ನು ಗಾಳಿಯಲ್ಲಿ ಒದೆಯುತ್ತಿತ್ತು. ಹೊನ್ನಿ ಅದನ್ನು ಎತ್ತಿಕೊಂಡು, ಹೆಸರು ಬಾಯಿಗೆ ಬಂದು, ನುಂಗಿಕೊಂಡು, "ಬಾ ಕೂಸೇ" ಎಂದಳು.

ಅಂದಿನಿಂದ ಆ ಮನೆಯಲ್ಲಿ ಅದು ಕೂಸು. ಅಪ್ಪನಿಗೂ ಕೂಸು, ಅಮ್ಮನಿಗೂ ಕೂಸು. ಮಂಜ ಹೆದ್ದಾರಿಯನ್ನು ಅಲೆದು ಬಂದ; ಬರಿಗೈಯಲ್ಲಿ ಬಂದ. ಕುಂಟರು ಬೇಕಾದಷ್ಟು ಮಂದಿ ಇದ್ದರಂತೆ. ಯಾರ ಹೆಸರೂ ಯಾರಿಗೂ ಗೊತ್ತಿರಲಿಲ್ಲವಂತೆ.

ನಿಮ್ಮ ಬಸ್ಸು ನಾಳೆಯೋ ನಾಡಿದ್ದೋ ಯಾವುದಾದರೊಂದು ರಸ್ತೆಯ ಬದಿಯಲ್ಲಿ ನಿಲ್ಲುತ್ತದೆ. ಊರುಗೋಲಿನ ಹಿಡಿಗೆ ಕಿಟ್ಲಿಯನ್ನು ತೂಗುಹಾಕಿಕೊಂಡು, ಎಲ್ಲರಿಗಿಂತ ಮೊದಲು ನಗುವವನೊಬ್ಬ ನಿಮ್ಮ ಬಳಿಗೆ ಬಂದರೆ, ದಯವಿಟ್ಟು ಕಣ್ಣು ತೆಗೆಯಬೇಡಿ. ಅವನು ಲೋಟ ಕೊಟ್ಟು ಬೆನ್ನು ತಿರುಗಿಸುವವರೆಗೆ ಕಾಯಿರಿ. ಆಮೇಲೆ ಮೆಲ್ಲಗೆ, ಸುಭಾಷ ಎಂದು ಕರೆಯಿರಿ. ಊರುಗೋಲಿನ ಸದ್ದು ನಿಂತರೆ, ಕಂಡಕ್ಟರು ಎಷ್ಟು ಸೀಟಿ ಹೊಡೆದರೂ ಏಳಬೇಡಿ. ಬಿಳಗಿಯಲ್ಲಿ ಒಂದು ಕೂಸು ಹೆಸರಿಲ್ಲದೆ ಬೆಳೆಯುತ್ತಿದೆಯೆಂದು ಅವನಿಗೆ ಹೇಳಿ.